ಅರ್ಧಕ್ಕೆ ನಿಲ್ಲಿಸಿದ ಓದು

ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡದಲ್ಲಿ. ತಮಿಳಿನ ಅಕ್ಷರವನ್ನೂ ಶಾಲೆಯಲ್ಲೇ ಕಲಿತೆ, ಆದರೆ ಬೆಂಚಿನ ಮೇಲೆ ಕೂತು ಕಲಿತದ್ದಲ್ಲ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡುವವಳಾಗಿ ಹದಿನೆಂಟು ವರ್ಷ ಸೌದೆ ಊದಿದೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಒಟ್ಟಿಗೆ ಕೂಗುವುದನ್ನು ಕೇಳುತ್ತಾ, ಕಿಟಕಿಯಿಂದ ಬೋರ್ಡು ನೋಡುತ್ತಾ ಒಂದೊಂದೇ ಅಕ್ಷರ ಹಿಡಿದೆ. ಅಕ್ಕಿ ಮೂಟೆಯ ಮೇಲೆ ಬರೆದದ್ದು, ಬಸ್ಸಿನ ಬೋರ್ಡು, ಆಮೇಲೆ ದಿನಪತ್ರಿಕೆ, ಎಲ್ಲವನ್ನೂ ಬೆರಳಿಟ್ಟುಕೊಂಡು ಓದಬಲ್ಲೆ. ನಮ್ಮ ಬೀದಿಯ ಹೆಂಗಸರಲ್ಲಿ ಇಷ್ಟಕ್ಕೇ ನಾನು ಓದಿದವಳು ಅನ್ನಿಸಿಕೊಂಡೆ. ಆ ಹೆಸರನ್ನು ಇಟ್ಟುಕೊಂಡು ಒಂದು ಕೆಟ್ಟ ಕೆಲಸ ಮಾಡಿದೆ. ಅದನ್ನೇ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ತಿದ್ದಬೇಡಿ.

ಹೊಸೂರು ಸೀಮೆಯ ಉದ್ದನಪಲ್ಲಿಯ ಹತ್ತಿರ ನಮ್ಮ ಊರು. ನನ್ನ ಮನೆಗೂ ನನ್ನ ಓರಗಿತ್ತಿಯ ಮನೆಗೂ ನಡುವೆ ಒಂದೇ ಗೋಡೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು, ಗುಮ್ಮಳಾಪುರದ ಕಡೆಯಿಂದ ಬಂದವಳು. ಕನ್ನಡ ಬಿಟ್ಟರೆ ತೆಲುಗು ಅಷ್ಟಿಷ್ಟು ಬರುತ್ತದೆ. ತಮಿಳು ಅಂದರೆ ಸಂತೆಯಲ್ಲಿ ಉಪ್ಪು ಮೆಣಸಿನಕಾಯಿ ಕೇಳುವಷ್ಟು. ಅಕ್ಷರ ಯಾವ ಭಾಷೆಯದೂ ಇಲ್ಲ. ಮೈದುನ ಸತ್ತ ಮೇಲೆ ಅವಳು ಭಾನುವಾರದ ಪ್ರಾರ್ಥನೆಗೆ ಹೋಗತೊಡಗಿದಳು. ಅಲ್ಲಿ ಎಲ್ಲವೂ ತಮಿಳಿನಲ್ಲಿ. ಹಾಡು ಬಾಯಿಗೆ ಬಂತು, ಮಾತು ತಲೆಯ ಮೇಲೇ ಹೋಗುತ್ತಿತ್ತು. ಒಂದು ದಿನ ಅವರು ಕರೀ ರಟ್ಟಿನ ತಮಿಳು ಬೈಬಲ್ಲು ಕೊಟ್ಟು ಕಳಿಸಿದರು. ಇವಳು ಅದನ್ನು ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟಳು.

“ಅಕ್ಕ, ನೀನು ಓದಿ ನಮ್ ಮಾತಲ್ಲಿ ಹೇಳಕ್ಕ.”

“ನಿಮ್ ದೇವ್ರು ನಂಗೆ ಬ್ಯಾಡ ಕಣೇ.”

“ದೇವ್ರುನ್ನ ಯಾರು ಕೊಟ್ರು ನಿಂಗೆ? ಓದು ಅಂದೆ, ಅಷ್ಟೇಯ.”

ಹಾಗೆ ಶುರುವಾಯಿತು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಜಗಲಿಯಲ್ಲಿ ಕೂತು ನಾನು ನಾಲ್ಕು ಸಾಲು ತಮಿಳು ಓದುವುದು, ಅದನ್ನು ನಮ್ಮ ಮಾತಿನಲ್ಲಿ ಹೇಳುವುದು. ಆ ತಮಿಳು ಬಸ್ ಸ್ಟ್ಯಾಂಡಿನ ತಮಿಳಲ್ಲ. ಹತ್ತರಲ್ಲಿ ಮೂರು ಪದ ತಿಳಿಯುತ್ತಿರಲಿಲ್ಲ. ತಿಳಿಯದು ಅನ್ನುವುದಕ್ಕೆ ನನಗೆ ಬಾಯಿ ಬರುತ್ತಿರಲಿಲ್ಲ. ಆ ಜಾಗಕ್ಕೆ ನನಗೆ ತೋಚಿದ್ದನ್ನು ತುಂಬುತ್ತಿದ್ದೆ. ರಾಜ ಬಂದರೆ ಮೀಸೆ ಇಡುತ್ತಿದ್ದೆ, ಹೆಂಗಸು ಬಂದರೆ ಕೈತುಂಬ ಬಳೆ. ಯಾರಾದರೂ ತಪ್ಪು ಮಾಡಿದರೆ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಎರಡು ಮಾತು ಹೆಚ್ಚು ಬೈಯುತ್ತಿದ್ದೆ. ಇವಳು ಬಾಯಿ ತೆರೆದುಕೊಂಡು “ಅಂಗಾ ಅಕ್ಕ?” ಎನ್ನುವಳು, ನಾನೇ ಅಲ್ಲಿ ನಿಂತು ನೋಡಿ ಬಂದವಳೋ ಎಂಬಂತೆ. ನನ್ನ ಗಂಡನಾಗಲಿ, ನನ್ನ ಮಗನಾಗಲಿ ಒಂದು ದಿನವೂ ನನ್ನ ಮಾತನ್ನು ಹಾಗೆ ಕೇಳಿದವರಲ್ಲ. ನನಗೆ ಅದರ ರುಚಿ ಹತ್ತಿತು.

ಓರಗಿತ್ತಿಗೆ ಒಬ್ಬನೇ ಮಗ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲೇ ಕೆಲಸಕ್ಕಿದ್ದ ಕೃಷ್ಣಗಿರಿಯ ತಮಿಳು ಹುಡುಗಿಯನ್ನು ಮದುವೆಯಾದ. ಬೇರೆ ಜಾತಿ, ಬೇರೆ ಮಾತು. ಹೊಸೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಎರಡು ವರ್ಷವಾದ ಮೇಲೆ ಅವನು ಹೈವೇಯಲ್ಲಿ ಲಾರಿಗೆ ಸಿಕ್ಕಿ ಹೋದ. ಹದಿಮೂರನೇ ದಿನ ಕಳೆದರೂ ಆ ಹುಡುಗಿ ತವರಿಗೆ ಹೊರಡಲಿಲ್ಲ. “ಅತ್ತೆ ಜತೆ ಇರ್ತೀನಿ” ಎಂದು ಮುರುಕು ಕನ್ನಡದಲ್ಲಿ ಹೇಳಿ ಇಲ್ಲೇ ಉಳಿದಳು. ಮೂರು ತಿಂಗಳು ಉಳಿದಳು. ಹೊಲಕ್ಕೆ ಹೋದಳು, ಕಳೆ ಕಿತ್ತಳು, ರಾಗಿ ಮುದ್ದೆ ತಿರುವಲು ಕಲಿತಳು. ಗೋಡೆಯಾಚೆ ಸಂಜೆ ಹೊತ್ತು ಇಬ್ಬರೂ ನಗುವುದು ಕೇಳಿಸುತ್ತಿತ್ತು. ಮಗ ಸತ್ತ ಮನೆಯಲ್ಲಿ ನಗು ಏನು ಎಂದು ನನಗೆ ಉರಿಯುತ್ತಿತ್ತು.

ಉರಿಗೆ ನಾನು ಬೇರೆ ಬೇರೆ ಕಾರಣ ಹೇಳಿಕೊಂಡೆ. ಮೊಮ್ಮಗಳಿಗೆ ಗಂಡು ನೋಡುತ್ತಿದ್ದೆವು. ಬಂದವರು ಹಿತ್ತಲಲ್ಲಿ ನೀರು ಸೇದುತ್ತಿದ್ದ ಅವಳನ್ನು ನೋಡಿ ಯಾರು, ಯಾವ ಜನ ಎಂದು ಕೇಳಿದರು. ಅದು ನಿಜವಾದ ಕಾರಣವೇ. ಆದರೆ ಇನ್ನೊಂದಿತ್ತು. ಒಂದು ದಿನ ಆ ಹುಡುಗಿ ಜಗಲಿ ಗುಡಿಸುವಾಗ ಆ ಪುಸ್ತಕವನ್ನು ಕೈಗೆತ್ತಿಕೊಂಡು, ನಿಂತಲ್ಲೇ ನೀರು ಕುಡಿದ ಹಾಗೆ ಸರಸರ ಓದಿದಳು. ನಾನು ಬೆರಳಿಟ್ಟು ಒಂದು ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದ ಹಾಳೆಯನ್ನು ಅವಳು ಎರಡು ನಿಮಿಷದಲ್ಲಿ ಮಗುಚಿದಳು. ಅವಳ ಕನ್ನಡ ಸ್ವಲ್ಪ ಹದವಾದರೆ ನನ್ನನ್ನು ಯಾರು ಕೇಳುತ್ತಾರೆ? ನಾನು ಇಟ್ಟ ಮೀಸೆ, ಬಳೆ ಎಲ್ಲ ಬಯಲಾಗದೆ ಇರುತ್ತದೆಯೇ?

ಅಷ್ಟರಲ್ಲಿ ಹುಡುಗಿಯ ಅಣ್ಣ ಕರೆದುಕೊಂಡು ಹೋಗಲು ಬಂದ. ಅವಳು ಬರಲ್ಲ ಎಂದಳು. ಒಂದು ವಾರ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ತೀರ್ಮಾನ ಮಾಡಿ ಎಂದು ಅವನು ಅತ್ತೆಗೆ ಹೇಳಿ ಹೋದ. ನೆಂಟರೆಲ್ಲ ಕಳಿಸಿಬಿಡು ಎಂದರು. ಓರಗಿತ್ತಿ ಭಾನುವಾರ ಪಾದ್ರಿಯನ್ನು ಕೇಳಿದಳು. ಅತ್ತೆ ಸೊಸೆ ಇಬ್ಬರೂ ಗಂಡ ಸತ್ತವರಾದ ಒಂದು ಕತೆ ಪುಸ್ತಕದಲ್ಲಿದೆ, ಅದನ್ನು ಕೇಳಿಸಿಕೊಂಡು ಆಮೇಲೆ ತೀರ್ಮಾನ ಮಾಡು ಎಂದು ಅವರು ಪುಟಕ್ಕೆ ಚೀಟಿ ಇಟ್ಟು ಕೊಟ್ಟರು. ಅವರು ತಮಿಳಿನಲ್ಲಿ ಹೇಳಿದ್ದರಲ್ಲಿ ಇವಳಿಗೆ ತಿಳಿದದ್ದು ಇಷ್ಟೇ.

“ಆ ಹುಡುಗಿ ಕೈಲೇ ಓದಿಸ್ಬೋದಲ್ಲ,” ಎಂದೆ. ಒಳಗೊಳಗೇ ಹೆದರಿಕೊಂಡೇ ಅಂದೆ.

“ಅವ್ಳ ವಿಷ್ಯ ಅವ್ಳ ಕೈಲೇ ಓದಿಸಾಕಾಯ್ತದಾ? ನೀನು ಓದಕ್ಕ. ಅದ್ರಲ್ಲಿ ಎಂಗೈತೋ ಅಂಗೆ ಮಾಡ್ತೀನಿ.”

ಪುಸ್ತಕವನ್ನು ಮನೆಗೆ ತಂದು ಎರಡು ದಿನ ಓದಿದೆ. ಆ ಒಂದು ಹಾಳೆ ಮಾತ್ರ ನನಗೆ ಪೂರ್ತಿ ತಿಳಿಯಿತು, ಒಂದು ಪದವೂ ಬಿಡದೆ. ಬರಗಾಲ ಬಂದು ಬೇರೆ ಸೀಮೆಗೆ ಹೋದ ಒಬ್ಬ ಹೆಂಗಸು. ಗಂಡ ಸಾಯುತ್ತಾನೆ. ಇಬ್ಬರು ಗಂಡುಮಕ್ಕಳು ಆ ಸೀಮೆಯ ಹುಡುಗಿಯರನ್ನೇ ಮದುವೆಯಾಗಿ ಅವರೂ ಸಾಯುತ್ತಾರೆ. ಊರಲ್ಲಿ ಬೆಳೆಯಾಯಿತೆಂದು ಕೇಳಿ ಅವಳು ಹೊರಡುತ್ತಾಳೆ, ಸೊಸೆಯರೂ ಹೊರಡುತ್ತಾರೆ. ದಾರಿಯಲ್ಲಿ ಅತ್ತೆ, ನಿಮ್ಮ ನಿಮ್ಮ ತಾಯಿಯ ಮನೆಗೆ ಹೋಗಿ ಎನ್ನುತ್ತಾಳೆ. ಮೂವರೂ ಅಳುತ್ತಾರೆ. ಒಬ್ಬಳು ಮುತ್ತಿಟ್ಟು ಹೋಗುತ್ತಾಳೆ. ಇನ್ನೊಬ್ಬಳು ಹೋಗುವುದಿಲ್ಲ. ನೀನು ಹೋದಲ್ಲಿಗೆ ಬರುತ್ತೇನೆ, ನಿನ್ನ ಜನವೇ ನನ್ನ ಜನ, ನೀನು ಸತ್ತಲ್ಲೇ ನಾನೂ ಸಾಯುತ್ತೇನೆ ಎಂದು ಅತ್ತೆಯನ್ನು ಹಿಡಿದುಕೊಳ್ಳುತ್ತಾಳೆ.

ಮೂರನೇ ದಿನ ಜಗಲಿಯಲ್ಲಿ ಕೂತು ಹೇಳಿದೆ. ಅತ್ತೆ ಹೋಗಿ ಎಂದಳು, ಅತ್ತರು, ಹೋದರು. ಅಲ್ಲಿಗೆ ಪುಸ್ತಕ ಮುಚ್ಚಿದೆ.

“ಅಷ್ಟೇಯ?”

“ಅಷ್ಟೇ.”

“ಇಬ್ರೂನೂ ಹೋದ್ರಾ?”

“ಹೋದ್ರು ಕಣೇ. ತಾಯಿ ಮನೇಲಿ ಚೆಂದಾಗಿರ್ಲಿ ಅಂತ ಅತ್ತೇನೇ ಹರಸಿ ಕಳಿಸಿದ್ಲು.”

ಆ ಹರಸಿದ ಮಾತು ಪುಸ್ತಕದಲ್ಲಿ ಇತ್ತು. ಅದಕ್ಕೇ ನನ್ನ ಬಾಯಿ ತಡವರಿಸಲಿಲ್ಲ. ಸುಳ್ಳು ಸೇರಿಸಿದ್ದರೆ ಎಲ್ಲಾದರೂ ಸಿಕ್ಕಿಬೀಳುತ್ತಿದ್ದೆನೇನೋ. ನಾನು ಬಿಟ್ಟೆ, ಅಷ್ಟೇ.

ಅಣ್ಣ ಬಂದಾಗ ಓರಗಿತ್ತಿ ಹುಡುಗಿಗೆ ಒಂದು ಚೀಲ ರಾಗಿ ಹಿಟ್ಟು ಕಟ್ಟಿಕೊಟ್ಟು, ತಲೆಗೆ ಎಣ್ಣೆ ಹಚ್ಚಿ ಕಳಿಸಿದಳು. ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವಳ ಬೆರಳು ಬಿಡಿಸಿದವಳು ನಾನು. ಒಳ್ಳೆಯ ಮಾತಾಡುತ್ತಲೇ ಬಿಡಿಸಿದೆ.

ಆಮೇಲೆ ನಾನು ಓದಲಿಲ್ಲ. ಕಣ್ಣಿಗೆ ಪೊರೆ ಬಂದಿದೆ ಎಂದೆ. ಚೀಟಿ ಇಟ್ಟ ಪಾದ್ರಿಗೆ ಬೇರೆ ಊರಿಗೆ ವರ್ಗವಾಯಿತು, ನನ್ನ ಅದೃಷ್ಟ ಎಂದುಕೊಂಡೆ. ಮೊಮ್ಮಗಳ ಮದುವೆ ಆಯಿತು. ಗೋಡೆಯಾಚೆ ನಗು ಇಲ್ಲ. ಸಂಜೆ ಒಂದು ತಟ್ಟೆ ಇಡುವ ಸದ್ದು, ಒಂದು ಲೋಟ ಇಡುವ ಸದ್ದು. ಐದು ವರ್ಷ ಅದನ್ನು ಕೇಳಿಕೊಂಡೇ ಊಟ ಮಾಡಿದೆ, ಊಟವೇನೂ ಸೇರದೆ ಹೋಗಲಿಲ್ಲ.

ಹೋದ ವರ್ಷ ಹುಣಸೆಹಣ್ಣು ಬಿಡಿಸುವ ಕಾಲಕ್ಕೆ ಒಬ್ಬ ಹುಡುಗಿ ಬಂದಳು. ಮೂವತ್ತರ ಒಳಗಿನವಳು, ಕೋಲಾರದ ಕಡೆಯವಳು, ಚೀಲದಲ್ಲಿ ಲ್ಯಾಪ್‌ಟಾಪು. ಬೈಬಲ್ಲನ್ನು ನಮ್ಮ ಕಡೆಯ ಆಡುಮಾತಿಗೆ ತರುತ್ತಿದ್ದಾರಂತೆ, ಓದಲು ಬಾರದವರು ಫೋನಿನಲ್ಲಿ ಕೇಳಲಿ ಎಂದು. ಪ್ರಾರ್ಥನೆಯವರು ಓರಗಿತ್ತಿಯ ಮನೆ ತೋರಿಸಿದ್ದರು. ಆದರೆ ಅವಳಿಗೆ ಬೇಕಾಗಿದ್ದದ್ದು ಪ್ರಾರ್ಥನೆಗೆ ಹೋಗದ, ಅಲ್ಲಿಯ ಮಾತು ರೂಢಿಯಿಲ್ಲದ ಹೆಂಗಸು. ಕೇಳಿಸಿದ್ದನ್ನು ಕೇಳಿ, ತಿಳಿದದ್ದನ್ನು ತಿರುಗಿ ಹೇಳಬೇಕು. ಎಲ್ಲಿ ತಿಳಿಯುವುದಿಲ್ಲವೋ ಅಲ್ಲಿ ಅವರು ತಿದ್ದುತ್ತಾರೆ.

“ನಮ್ಮಕ್ಕನ್ನ ಕೇಳಿ,” ಎಂದಳು ಓರಗಿತ್ತಿ. “ನಮ್ ಬೀದಿಗೇ ಓದಿದೋಳು ಅವ್ಳು. ಮೊದ್ಲು ನಂಗೆ ಅವ್ಳೇ ಓದಿ ಹೇಳ್ತಿದ್ದುದ್ದು.”

ಮೊದಲ ದಿನ ಬರೀ ಪದ ಕೇಳಿದಳು. ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದ ತೆನೆಗಳನ್ನು ಬಡವರು ಹೆಕ್ಕುವುದಕ್ಕೆ ಏನೆನ್ನುತ್ತೀರಿ ಎಂದಳು. ಅವಳ ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಸಾಲು ಬರೆದಿತ್ತು.

“ಹಕ್ಕಲು ಆಯೋದು ಅಂತೀವಿ,” ಎಂದೆ.

ಅವಳ ಮುಖ ಅರಳಿತು. “ಅಜ್ಜಿ, ಇದೊಂದು ಪದಕ್ಕೆ ನಾವು ಒಂದು ವಾರದಿಂದ ತಲೆ ಕೆಡ್ಸ್ಕೊಂಡಿದ್ವಿ.”

ನನಗೆ ಹೆಮ್ಮೆಯಾಯಿತು. ಯಾವ ಕತೆಗೆ ಆ ಪದ ಎಂದು ನಾನು ಕೇಳಲಿಲ್ಲ. ಚೀಟಿಯ ಹಾಳೆಯಿಂದ ಮುಂದಕ್ಕೆ ನಾನು ಓದಿರಲಿಲ್ಲವಲ್ಲ, ಅದೇ ಕತೆಯ ಮುಂದಿನ ಹಾಳೆಯ ಪದ ಅದೆಂದು ಗೊತ್ತಾಗಲಿಲ್ಲ. ಇನ್ನೊಂದು ಧಾನ್ಯದ ಹೆಸರು ಕೇಳಿದಳು, ನಮ್ಮ ಕಡೆ ಅದು ಬೆಳೆಯುವುದಿಲ್ಲ. ರಾಗಿ ಎಂದು ಹಾಕಿಬಿಡಿ ಎಂದೆ.

“ಹಾಕೋ ಹಂಗಿಲ್ಲ ಅಜ್ಜಿ. ಆ ಸೀಮೇಲಿ ರಾಗಿ ಇಲ್ಲ. ಇಲ್ದಿದ್ದುನ್ನ ಸೇರ್ಸೋ ಹಂಗಿಲ್ಲ, ಇರೋದ್ನ ಬಿಡೋ ಹಂಗಿಲ್ಲ.”

ನಾನು ಹುಣಸೆ ಬೀಜ ಹೆಕ್ಕತೊಡಗಿದೆ. ಓರಗಿತ್ತಿ ಕೇಳಿದಳು: “ಮೊದ್ಲು ಯಾವ ಭಾಷೇಲಿತ್ತಮ್ಮ ಇದು? ತಮಿಳಲ್ಲಾ?”

ಹುಡುಗಿ ನಕ್ಕು ಹೇಳಿದಳು. ಹಳೆಯ ಭಾಗ ಹೀಬ್ರೂ ಅನ್ನುವ ಭಾಷೆ, ಅದನ್ನು ಬಲಗಡೆಯಿಂದ ಎಡಗಡೆಗೆ ಬರೆಯುತ್ತಾರೆ. ಹೊಸ ಭಾಗ ಗ್ರೀಕ್. ಯೇಸು ಮನೆಯಲ್ಲಿ ಆಡುತ್ತಿದ್ದ ಮಾತು ಇವೆರಡೂ ಅಲ್ಲ, ಅರಾಮಿಕ್ ಅನ್ನುವ ಇನ್ನೊಂದು.

“ಮನೇಲೊಂದು, ಗುಡೀಲೊಂದು, ಸಂತೇಲೊಂದಾ? ಅಂಗಾದ್ರೆ ಅವ್ರೂ ಹೊಸೂರಿನೋರೇಯ!” ಎಂದಳು ಓರಗಿತ್ತಿ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬೆಟ್ಟದ ಮೇಲೆ ನೂರು ಮನೆ ಇರುವ ಜನದ ಮಾತಿಗೂ ಇದನ್ನು ತಂದಿದ್ದಾರಂತೆ, ಬರೆಯಲು ಅಕ್ಷರವೇ ಇಲ್ಲದ ಮಾತಿಗೆ ಅಕ್ಷರ ಮಾಡಿಕೊಟ್ಟು. ಒಬ್ಬರು ಭಾಷೆ ಬದಲಿಸಿದ್ದನ್ನು, ಮೂಲ ನೋಡದ ಇನ್ನೊಬ್ಬರು ಹಿಂದಕ್ಕೆ ಬದಲಿಸುತ್ತಾರೆ. ಅದನ್ನು ಮೂಲಕ್ಕೆ ಹಿಡಿದು ಏನು ಉದುರಿತು, ಏನು ಸೇರಿತು ಎಂದು ಮೂರನೆಯವರು ನೋಡುತ್ತಾರೆ. ತಕ್ಕಡಿಯಲ್ಲಿ ತೂಗಿದ ಮೂಟೆಯನ್ನು ಇನ್ನೊಂದು ತಕ್ಕಡಿಗೆ ಹಾಕಿದ ಹಾಗೆ. ಒಂದು ಸಾಲಿಗೆ ಇಷ್ಟು ಜನ. ನನ್ನ ಓದನ್ನು ತೂಗಿದವರು ಯಾರೂ ಇರಲಿಲ್ಲ.

ಮಾರನೆಯ ದಿನ ಹುಡುಗಿ ಫೋನನ್ನು ಒರಳ ಕಲ್ಲಿನ ಮೇಲಿಟ್ಟು ಒತ್ತಿದಳು. ನಮ್ಮ ಕಡೆಯ ಹೆಂಗಸಿನ ದನಿ. ಬರಗಾಲ ಎಂದಿತು, ಗಂಡ ಸತ್ತ ಎಂದಿತು. ನನ್ನ ಕೈ ಹುಣಸೆಹಣ್ಣಿನಲ್ಲೇ ನಿಂತಿತು. ಓರಗಿತ್ತಿ ಕುಟ್ಟುತ್ತಿದ್ದ ಕೋಲನ್ನು ಕೆಳಗಿಟ್ಟು, “ಇದು ನಂಗೊತ್ತು” ಎಂದು ಮುಂದಕ್ಕೆ ಬಾಗಿದಳು. ಹೋಗಿ ಎಂದಳು ಅತ್ತೆ. ಅತ್ತರು. ಒಬ್ಬಳು ಹೋದಳು. ದನಿ ನಿಲ್ಲಲಿಲ್ಲ. ಇನ್ನೊಬ್ಬಳು ಅತ್ತೆಯನ್ನು ತಬ್ಬಿಕೊಂಡು ನಿಂತಳು, ನೀನು ಹೋದ ಕಡೆಗೇ ಬತ್ತೀನಿ ಎಂದಳು. ಕಡೆಗೆ ಇಬ್ಬರೂ ಜತೆಯಾಗಿ ಊರು ಸೇರಿದರು.

ಹುಡುಗಿ ಫೋನು ನಿಲ್ಲಿಸಿ, “ಅಜ್ಜಿ, ಏನು ತಿಳೀತು ಹೇಳಿ,” ಎಂದು ನನ್ನ ಕಡೆ ತಿರುಗಿದಳು.

ನಾನು ಬಾಯಿ ತೆರೆಯುವ ಮುಂಚೆ ಓರಗಿತ್ತಿ ಎದ್ದಳು. “ನೀವು ತಪ್ಪು ಮಾಡಿದ್ದೀರ ಕಣಮ್ಮ. ಕೊನೇದು ಪುಸ್ತಕದಲ್ಲಿಲ್ಲ. ಇಬ್ರೂ ಹೋಗ್ಬುಟ್ರು. ನಮ್ಮಕ್ಕ ಓದವ್ಳೆ. ಚೆಂದಾಗಿರ್ಲಿ ಅಂತ ನೀವು ಸೇರ್ಸಿದ್ದೀರ.”

ಹುಡುಗಿ ಕೋಪ ಮಾಡಿಕೊಳ್ಳಲಿಲ್ಲ. ಇವಳು ಹೇಳಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಲ್ಯಾಪ್‌ಟಾಪು ತೆರೆದು ಬಲಗಡೆಯಿಂದ ಬರುವ ಅಕ್ಷರ ತೋರಿಸಿದಳು. ಪಕ್ಕದಲ್ಲಿ ಅಚ್ಚಿನ ಕನ್ನಡ, ತೆಲುಗು, ತಮಿಳು. “ಎಲ್ಲಾದ್ರಲ್ಲೂ ಇದೆ ಅಮ್ಮ,” ಎಂದಳು.

ಓರಗಿತ್ತಿ ನನ್ನನ್ನು ನೋಡಿದಳು. ಸಂಶಯದಿಂದ ಅಲ್ಲ, ತನ್ನ ಪರವಾಗಿ ಮಾತಾಡು ಅನ್ನುವ ಹಾಗೆ. ಆಗಲೂ ನಾನು ಸುಳ್ಳನ್ನೇ ಹೇಳಿದೆ.

“ನಮ್ ಪುಸ್ತಕದಲ್ಲಿ ಆ ಹಾಳೆ ಹರಿದೋಗಿತ್ತು ಕಣೇ.”

ಅವಳು ಒಳಗೆ ಹೋಗಿ ಪುಸ್ತಕ ತಂದಳು. ಅದೇ ರವಿಕೆ ಬಟ್ಟೆ. ಬಿಚ್ಚಿದಳು. ಚೀಟಿ ಇದ್ದಲ್ಲೇ ಇತ್ತು. ಅಕ್ಷರ ಬಾರದವಳು ಹಾಳೆಯ ಅಂಚನ್ನು ಮೇಲಿಂದ ಕೆಳಗೆ ಬೆರಳಲ್ಲಿ ಸವರಿ ನೋಡಿದಳು, ಆ ಹಾಳೆ, ಮುಂದಿನ ಹಾಳೆ. ಎಲ್ಲೂ ಹರಿದಿರಲಿಲ್ಲ. ನನ್ನ ಮಡಿಲಿಗೆ ಇಟ್ಟಳು.

“ಓದು.”

“ಕಣ್ಣು ಕಾಣಾಕಿಲ್ಲ…”

“ನಿನ್ನೆ ಬಸ್ ಬೋರ್ಡು ಓದ್ದೆ. ಓದು.”

ಬೆರಳಿಟ್ಟು ಓದಿದೆ. ಒಂದು ಸಾಲು ತಮಿಳು, ಒಂದು ಸಾಲು ನಮ್ಮ ಮಾತು. ನಿಲ್ಲಿಸಿದ್ದ ಜಾಗ ಬಂತು. ದಾಟಿದೆ. ಕೊನೆಯವರೆಗೂ ಓದಿದೆ. ಕೋಲಾರದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ, ಆದರೂ ಏನೋ ತಪ್ಪು ನಡೆದಿದೆ ಎಂದು ತಿಳಿದಿತ್ತು.

“ಅವತ್ತೂ ಇದು ಇತ್ತಾ?” ಎಂದಳು ಓರಗಿತ್ತಿ.

“ಇತ್ತು.”

“ನಿಂಗೆ ತಿಳಿದಿತ್ತಾ?”

“ತಿಳಿದಿತ್ತು.”

ಬೈಯುತ್ತಾಳೆ ಎಂದುಕೊಂಡೆ. ಅವಳು ಕೋಲು ತೆಗೆದುಕೊಂಡು ಉಳಿದ ಹುಣಸೆಹಣ್ಣನ್ನು ಕುಟ್ಟಿದಳು, ಪೂರ್ತಿ ಮುಗಿಯುವವರೆಗೆ. ಸಂಜೆ ಗೋಡೆಯಾಚೆಯಿಂದ ಕೂಗಿದಳು: “ನಾಳೆ ಮೊದ್ಲ್ನೇ ಬಸ್ಸಿಗೆ ಕೃಷ್ಣಗಿರಿಗೆ ಹೊರಡು. ಅವ್ಳು ತಮಿಳಲ್ಲಿ ಮಾತಾಡಿದ್ರೆ ನೀನು ಬೇಕು ನಂಗೆ.” ಅಕ್ಕ ಎನ್ನಲಿಲ್ಲ. ಈವರೆಗೂ ಅಂದಿಲ್ಲ.

ರಾಯಕೋಟೆ ದಾಟಿ ಕೃಷ್ಣಗಿರಿಗೆ ಹೋದೆವು. ಬಸ್ಸಿನಲ್ಲಿ ಜಾಗ ಇದ್ದರೂ ಅವಳು ನನ್ನ ಪಕ್ಕ ಕೂರಲಿಲ್ಲ. ಅವಳ ಸೊಸೆ ಅಣ್ಣನ ಮನೆಯ ಪಕ್ಕಕ್ಕೆ ಇಳಿಸಿದ ಶೀಟಿನ ಕೋಣೆಯಲ್ಲಿದ್ದಳು. ಮಾವಿನ ತಿರುಳಿನ ಫ್ಯಾಕ್ಟರಿಯ ಕೆಲಸ, ಆ ವರ್ಷ ಅದು ಇನ್ನೂ ಶುರುವಾಗಿರಲಿಲ್ಲ, ಅದಕ್ಕೇ ಮನೆಯಲ್ಲಿ ಸಿಕ್ಕಳು. ಎರಡೂ ಮುಂಗೈ ತುಂಬ ಮಾವಿನ ಸೊನೆ ಸುಟ್ಟ ಕಪ್ಪು ಕಲೆ. ನಮ್ಮನ್ನು ನೋಡಿ ಒಳಗೆ ಕರೆದಳು, ಚಾಪೆ ಹಾಸಿದಳು. ಮಾತು ಮಾತ್ರ ತಮಿಳು.

“ಕನ್ನಡ ಬರ್ತಿತ್ತಲ್ಲಮ್ಮ ನಿಂಗೆ,” ಎಂದಳು ಓರಗಿತ್ತಿ.

ಹುಡುಗಿ ನನ್ನ ಕಡೆ ತಿರುಗಿ ತಮಿಳಿನಲ್ಲಿ ಹೇಳಿದಳು. ನಾನು ಬದಲಿಸಿದೆ: “ಬರ್ತಿತ್ತಂತೆ. ಆಡೋರಿಲ್ದೆ ಬುಟ್ಟುಬುಟ್ಲಂತೆ.”

“ಆ ಕತೆ ಹೇಳು ಅವ್ಳಿಗೆ. ನೀನು ಮಾಡಿದ್ದೂ ಹೇಳು. ಒಂದೂ ಬಿಡ್ಬೇಡ.”

ಹೇಳಿದೆ. ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ. ಮೊಮ್ಮಗಳ ಗಂಡಿನ ವಿಷಯ ಹೇಳಿ ಅಲ್ಲಿಗೆ ಬಿಡೋಣ ಅನ್ನಿಸಿತು. ಬಿಡಲಿಲ್ಲ. ಅವಳು ಸರಸರ ಓದಿದ್ದು ಕಂಡು ನನಗೆ ಹೊಟ್ಟೆ ಉರಿದದ್ದನ್ನೂ ಹೇಳಿದೆ. ಎರಡು ಭಾಷೆಯಲ್ಲೂ ಹೇಳಬೇಕಾಯಿತು, ತಮಿಳಿನಲ್ಲಿ ಅವಳಿಗೆ, ಕನ್ನಡದಲ್ಲಿ ಇವಳಿಗೆ.

ಹುಡುಗಿ ಮಾತಾಡತೊಡಗಿದಳು, ನಿಲ್ಲದೆ. ನಾನು ಹಿಂದೆ ಹಿಂದೆ ಬದಲಿಸುತ್ತಾ ಹೋದೆ.

“ನೀನು ಕೊಟ್ಟ ರಾಗಿ ಹಿಟ್ಟುನ್ನ ಬಿಚ್ಚಲೇ ಇಲ್ವಂತೆ. ಹುಳ ಬೀಳೋಗಂಟ ಚೀಲ ತಲೆ ಹತ್ರ ಇಟ್ಕೊಂಡು ಮಲಗ್ತಿದ್ಲಂತೆ… ಇಲ್ಲಿ ಅತ್ತಿಗೆ ಎಲ್ಲಾರೂ ಉಂಡ್ಮೇಲೆ ಕರೀತಾಳಂತೆ… ಒಂದು ಸಲಾನಾದ್ರೂ ನೀನು ಬರ್ತೀಯ ಅಂತ ಹಬ್ಬಕ್ಕೆ ಹಬ್ಬಕ್ಕೆ ನೋಡಿದ್ಲಂತೆ… ಪುಸ್ತಕ ಏನಾರ ಹೇಳ್ಲಿ, ನಿಂಗೆ ಮನಸ್ಸಿರ್ಲಿಲ್ವಾ ಅಂತ ಕೇಳ್ತವ್ಳೆ.”

ಹುಡುಗಿ ಇನ್ನೊಂದು ಮಾತು ಹೇಳಿದಳು, ಚಿಕ್ಕದು. ಅದನ್ನು ಬದಲಿಸಲು ನಾನು ಹಿಂಜರಿದೆ.

“ಏನಂದ್ಲು?”

“ನನ್ ಬಾಯಿಗೆ ಮಣ್ಣು ಬೀಳ್ಲಿ ಅಂದ್ಲು.”

“ಇನ್ನೂ ಏನೋ ಅಂದ್ಲಲ್ಲ.”

“ನಾನು ಹೊರಗೆ ಕೂತ್ಕೋಬೇಕಂತೆ.”

ಎದ್ದು ಹೊರಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿತ್ತು, ಅದರ ಮೇಲೆ ಕೂತೆ. ಶೀಟಿನ ಮನೆ, ಒಳಗಿನ ಸದ್ದು ಹೊರಗೆ ಬರುತ್ತದೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಹುಡುಗಿ ಮಾತಾಡಿದಳು, ತಡೆದು ತಡೆದು, ಪದ ಹುಡುಕಿಕೊಂಡು. ಕನ್ನಡ. ನನ್ನ ಓರಗಿತ್ತಿಯ ಮನೆಯ ಕನ್ನಡವೇ, ಗುಮ್ಮಳಾಪುರದ ಎಳೆತ ಸಮೇತ. ಏನು ಹೇಳುತ್ತಿದ್ದಾಳೆಂದು ಕಿವಿ ಕೊಡಬಹುದಾಗಿತ್ತು. ಎದ್ದು ರಸ್ತೆಯ ಅಂಚಿಗೆ ಹೋಗಿ ನಿಂತೆ.

ಒಂದು ಗಂಟೆಯಾದ ಮೇಲೆ ಓರಗಿತ್ತಿ ಒಬ್ಬಳೇ ಬಂದಳು. ಬಸ್ಸಿನಲ್ಲಿ ಮತ್ತೆ ಬೇರೆ ಸೀಟು.

ನಾಲ್ಕು ದಿನವಾದ ಮೇಲೆ ಅವಳು ಕೋಲಾರದ ಹುಡುಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. “ಮಾವಿನಕಾಯಿ ಕಾಲ ಮುಗಿದ್ಮೇಲೆ ಬತ್ತಾಳಂತಮ್ಮ. ಇರಾಕೋ, ನೋಡ್ಕೊಂಡು ಹೋಗಾಕೋ, ಅದು ಹೇಳಿಲ್ಲ. ನಾನೂ ಕೇಳ್ಲಿಲ್ಲ, ಕೇಳಾಕೆ ನಂಗೇನು ಮೊಕ ಐತೆ,” ಎಂದಳು.

ನನಗೆ ಹೇಳಿದ್ದಲ್ಲ. ಗೋಡೆಯಾಚೆಯಿಂದ ಕೇಳಿಸಿಕೊಂಡದ್ದು.